ಕನ್ನಡದ ಅರ್ಜಿ ಬೇರೆ ಕಂಪ್ಯೂಟರ್‌ನಲ್ಲಿ ಓದೋಕಾಗುತ್ತಿಲ್ಲವೇ? ಫೈಲ್ ಹಾಳಾಗಿಲ್ಲ

ಯಳಂದೂರು: ಅಂಗಡಿಗೆ ಹೊಸದಾಗಿ ಡೆಸ್ಕ್‌ಟಾಪ್ ತಂದವರು ಬಿಲ್ ಹಾಕೋದನ್ನ ಬೇಗ ಕಲಿಯುತ್ತಾರೆ. ತೊಡಕಾಗುವುದು ಕನ್ನಡದಲ್ಲಿ ಅರ್ಜಿ ಬರೆಯುವಾಗ. ಟೈಪ್ ಮಾಡಿ, ಪೆನ್‌ಡ್ರೈವ್‌ಗೆ ಹಾಕಿಕೊಂಡು ಜೆರಾಕ್ಸ್ ಅಂಗಡಿಗೆ ಹೋದರೆ ಅಲ್ಲಿ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫೈಲೇ ಹೋಯ್ತು ಅಂತ ಮತ್ತೆ ದುಡ್ಡು ಕೊಟ್ಟು ಟೈಪ್ ಮಾಡಿಸುವವರೂ ಇದ್ದಾರೆ.

ಹಳೆಯ ನುಡಿ ಫಾಂಟ್‌ಗಳು ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದಂಥವು. ಆ ಫಾಂಟ್ ಇಲ್ಲದ ಕಂಪ್ಯೂಟರ್ ಒಳಗಿನ ಇಂಗ್ಲಿಷನ್ನೇ ತೋರಿಸುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇದೆ. ಮೊಬೈಲ್‌ನಲ್ಲೂ ಸರಿಯಾಗಿ ಕಾಣುತ್ತದೆ. ಹಾಗಾಗಿ ಕನ್ನಡ ಗಣಕ ಪರಿಷತ್ತಿನ ನುಡಿ ಬಳಸುವವರು ಟೈಪ್ ಶುರು ಮಾಡುವ ಮೊದಲೇ ಯೂನಿಕೋಡ್ ಆರಿಸಿಕೊಳ್ಳಬೇಕು. ಹಳೇ ಫೈಲುಗಳನ್ನು ಪರಿವರ್ತಕದಿಂದ ಬದಲಿಸಬಹುದು.

ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದ್ದು, ಕಲಿಯೋದು ಕಷ್ಟವಿಲ್ಲ. ನಮ್ಮೂರ ಹೆಸರನ್ನೇ ಒತ್ತಿ ನೋಡಿ: ವೈ, ಶಿಫ್ಟ್ ಹಿಡಿದು ಎಲ್, ಶಿಫ್ಟ್ ಹಿಡಿದು ಎಂ, ಡಿ, ಶಿಫ್ಟ್ ಹಿಡಿದು ಯು, ಆರ್, ಯು. 'ಯಳಂದೂರು' ಬಂತು. ಒತ್ತಕ್ಷರಕ್ಕೆ ನಡುವೆ ಎಫ್ ಬೇಕು. 'ಅಕ್ಕಿ' ಅನ್ನೋಕೆ ಎ, ಕೆ, ಎಫ್, ಕೆ, ಐ. ಹೊಸಬರು ಎಡವೋದು ಹೆಚ್ಚಾಗಿ ಈ ಎಫ್‌ನಲ್ಲೇ.

ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ಯುಪಿಎಸ್ ಇಲ್ಲದವರು ಪ್ಯಾರಾಗೊಮ್ಮೆ ಕಂಟ್ರೋಲ್ ಹಿಡಿದು ಎಸ್ ಒತ್ತಿ ಸೇವ್ ಮಾಡಿ.

ಬರೀ ಪ್ರಿಂಟ್‌ಗಾದರೆ ಪಿಡಿಎಫ್ ಮಾಡಿಕೊಂಡು ಹೋಗಿ. ಹಳೇ ನುಡಿಯಲ್ಲಿದ್ದರೂ ಸಾಮಾನ್ಯವಾಗಿ ಅಕ್ಷರ ಬದಲಾಗುವುದಿಲ್ಲ.