ಪಾರ್ಶ್ವವಾಯುವೂ ದಿನಚರ್ಯೆಯೂ

ಪಾರ್ಶ್ವವಾಯುವೆಂದೊಡನೆ ಸೆಟೆದ ಕೈಯೂ ಎಳೆದುಹಾಕುವ ಕಾಲೂ ನಮ್ಮ ನೆನಪಿಗೆ ಬರುತ್ತವೆ. ಕೈಕಾಲುಗಳಿಗೆ ಚೈತನ್ಯ ಮರಳಿತೆಂದರೆ ರೋಗಿ ಗುಣಹೊಂದಿದನೆಂದು ಮನೆಯವರು ಸಮಾಧಾನಪಡುತ್ತಾರೆ. ಆದರೆ ಕಣ್ಣಿಗೆ ಕಾಣದ ಇನ್ನೊಂದು ಊನವು ಉಳಿದಿರಬಹುದು. ಅದು ಬುದ್ಧಿವ್ಯಾಪಾರಕ್ಕೆ ಸಂಬಂಧಿಸಿದುದು. ಅದನ್ನು ಅರಿಯದೆ ಹೋದರೆ, ರೋಗಿಯನ್ನು ಸೋಮಾರಿಯೆಂದೋ ಹಠಮಾರಿಯೆಂದೋ ದೂರುವ ಅನ್ಯಾಯವು ನಮ್ಮಿಂದಲೇ ನಡೆದುಹೋಗುತ್ತದೆ.

ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರ. ಆದರೂ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದಂಶ ಅದಕ್ಕೆ ಬೇಕು. ರಕ್ತನಾಳವು ಕಟ್ಟಿಕೊಂಡರೆ ಅಥವಾ ಒಡೆದರೆ, ಆ ನಾಳವನ್ನು ನಂಬಿದ ಭಾಗವು ಬಹುಬೇಗ ನಾಶವಾಗುತ್ತದೆ. ಯಾವ ಭಾಗವು ಕೆಟ್ಟಿತೆಂಬುದರ ಮೇಲೆ ನಷ್ಟದ ಸ್ವರೂಪ ನಿಂತಿದೆ. ಬಲ ಮಿದುಳಿಗೆ ಪೆಟ್ಟಾದವರಲ್ಲಿ ಕೆಲವರಿಗೆ ಎಡಗಡೆಯ ಲೋಕವೇ ಗಮನಕ್ಕೆ ಬಾರದು. ಕಣ್ಣು ಸರಿಯಿದ್ದರೂ ಎಲೆಯ ಎಡತುದಿಯಲ್ಲಿ ಬಡಿಸಿದ ಉಪ್ಪು, ಉಪ್ಪಿನಕಾಯಿ ಹಾಗೆಯೇ ಉಳಿಯುತ್ತವೆ. ಎಡ ಮಿದುಳಿಗೆ ಪೆಟ್ಟಾದ ಕೆಲವರಿಗೆ ಬಾಚಣಿಗೆ ಏನೆಂಬುದು ತಿಳಿದಿದ್ದರೂ ಅದನ್ನು ಬಳಸುವ ಬಗೆ ಕೈಗೆ ಒದಗುವುದಿಲ್ಲ. ಮತ್ತೆ ಕೆಲವರಲ್ಲಿ ನೆನಪು ಕುಂದುತ್ತದೆ. ಮೊದಲು ಯಾವುದು, ಅನಂತರ ಯಾವುದು ಎಂಬ ಕ್ರಮ ತಪ್ಪುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಗಳಲ್ಲಿ ಇದರ ಅರ್ಥವೇನೆಂಬುದನ್ನು ಯೋಚಿಸೋಣ. ಅಲ್ಲಿ ಅನೇಕ ಹೆಂಗಸರು ಮನೆಯಲ್ಲಿಯೇ ಬೀಡಿ ಕಟ್ಟಿ ಸಂಸಾರವನ್ನು ಸಾಗಿಸಿದ್ದಾರೆ. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟುವ ಆ ಕೆಲಸದಲ್ಲಿ ಒಂದು ಹೆಜ್ಜೆ ಮರೆತರೂ ಉಳಿದುದೆಲ್ಲ ವ್ಯರ್ಥ. ಬೆರಳುಗಳು ಚುರುಕಾಗಿದ್ದೂ ಕೆಲಸ ಸಾಗದಿರುವ ಸಂಕಟವು ಇಂತಹುದು. ಅಡುಗೆಮನೆಯ ಮೆಟ್ಟುಕತ್ತಿ, ಆರಿಸಲು ಮರೆತ ಒಲೆ, ಅಂಗಳದ ಬಾವಿ ಇವುಗಳಿಂದ ಅಪಾಯವೂ ಉಂಟು.

ಇಲ್ಲಿ ನೆರವಿಗೆ ಬರುವುದು ಆಕ್ಯುಪೇಷನಲ್ ಥೆರಪಿ ಎಂಬ ಕಾರ್ಯಚಿಕಿತ್ಸೆ. ಅಮೆರಿಕದಲ್ಲಿ ಜನಿಸಿ ಭಾರತವನ್ನೇ ತಮ್ಮ ನೆಲೆಯಾಗಿಸಿಕೊಂಡ ಕಮಲಾ ನಿಂಬ್ಕರ್ ಅವರು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಿಕ್ಷಣವನ್ನು ನಮ್ಮ ದೇಶದಲ್ಲಿ ಆರಂಭಿಸಿದರು. ನಮ್ಮ ಕರಾವಳಿಯ ಮಣಿಪಾಲದಲ್ಲಿಯೂ ಈ ವಿದ್ಯೆಯನ್ನು ಬೋಧಿಸುತ್ತಾರೆ. ಚಿಕಿತ್ಸಕರು ರೋಗಿಯನ್ನು ಪ್ರಶ್ನಿಸಿ ಸುಮ್ಮನಾಗುವುದಿಲ್ಲ. ಸ್ನಾನ, ಉಡುಗೆ, ಗಂಜಿ ಬೇಯಿಸುವುದು ಮುಂತಾದ ಕೆಲಸಗಳನ್ನು ಮಾಡಿಸಿ, ಎಲ್ಲಿ ಎಡವುತ್ತಾನೆಂದು ನೋಡುತ್ತಾರೆ. ಅನಂತರದ ಮಾರ್ಗಗಳು ಎರಡು. ಒಂದು, ಕುಂದಿದ ಶಕ್ತಿಯನ್ನು ಅಭ್ಯಾಸದಿಂದ ಬೆಳೆಸುವುದು. ಇನ್ನೊಂದು, ಕೊರತೆಯನ್ನು ಬಳಸುದಾರಿಯಿಂದ ತುಂಬುವುದು. ಎಲೆಯ ಎಡ ಅಂಚಿಗೆ ಕೆಂಪು ಪಟ್ಟಿಯೊಂದನ್ನಿಟ್ಟು, ಅದು ಕಾಣುವವರೆಗೆ ತಲೆ ತಿರುಗಿಸಲು ಕಲಿಸಬಹುದು. ಅಂಗಿ ತೊಡುವುದನ್ನು ಸಣ್ಣ ಹೆಜ್ಜೆಗಳಾಗಿ ಒಡೆದು, ದಿನವೂ ಒಂದೇ ಕ್ರಮದಲ್ಲಿ ಮಾಡಿಸಬಹುದು. ಮಾತ್ರೆಗಳನ್ನು ಹೊತ್ತಿಗೊಂದರಂತೆ ಬೇರೆ ಬೇರೆ ಡಬ್ಬಿಗಳಲ್ಲಿಡಬಹುದು. ನೆನಪು ಕುಂದಿದವರನ್ನು ತಪ್ಪಲು ಬಿಟ್ಟು ತಿದ್ದುವುದಕ್ಕಿಂತ, ತಪ್ಪದಂತೆ ಮೊದಲೇ ಕೈಹಿಡಿದು ನಡೆಸುವುದು ಲೇಸು.

ಇದರಿಂದ ಎಷ್ಟು ಫಲವುಂಟು? ಉತ್ಪ್ರೇಕ್ಷೆ ಸಲ್ಲದು. 2022ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆಯು 24 ಪ್ರಯೋಗಗಳನ್ನು ತೂಗಿನೋಡಿತು. ನಿತ್ಯಕರ್ಮಗಳಲ್ಲಿ ಕಂಡ ಸುಧಾರಣೆ ಅಲ್ಪವೆಂದೂ, ಸಾಕ್ಷ್ಯವು ದುರ್ಬಲವೆಂದೂ ಅದು ಹೇಳಿತು. ಹೀಗೆಂದ ಮಾತ್ರಕ್ಕೆ ಕೈಚೆಲ್ಲಬೇಕಾಗಿಲ್ಲ. ಸಾಕ್ಷ್ಯದ ಕೊರತೆಯೇ ಬೇರೆ, ನಿಷ್ಫಲವೆಂಬ ನಿರ್ಣಯವೇ ಬೇರೆ. ಒಲೆಯ ಬಳಿ ಕಾವಲಿರುವುದಕ್ಕೆ, ಗದರದೆ ಕಾಯುವುದಕ್ಕೆ ಯಾವ ಪ್ರಯೋಗದ ಅಪ್ಪಣೆಯೂ ಬೇಕಿಲ್ಲ.

ಬೆಳ್ತಂಗಡಿಯ ಮಲೆಯಂಚಿನ ಹಳ್ಳಿಯಿಂದ ರೋಗಿಯನ್ನು ಪದೇ ಪದೇ ಮಂಗಳೂರಿಗೋ ಮಣಿಪಾಲಕ್ಕೋ ಕರೆತರುವುದು ಕೂಲಿಯವರಿಗೆ ಸುಲಭವಲ್ಲ. ಆದಕಾರಣ ಆಸ್ಪತ್ರೆಯನ್ನು ಬಿಡುವ ಮೊದಲೇ ಮನೆಯವರು ವೈದ್ಯರನ್ನು, “ನಡಿಗೆಯ ಮಾತಿರಲಿ, ನೆನಪು, ಗಮನಗಳನ್ನು ಪರೀಕ್ಷಿಸಿದಿರಾ?” ಎಂದು ಕೇಳತಕ್ಕದ್ದು. ಮನೆಯಲ್ಲಿ ಮಾಡಿಸಬೇಕಾದುದನ್ನು ಚಿಕಿತ್ಸಕರಿಂದ ಕಣ್ಣಾರೆ ಕಂಡು ಕಲಿತುಕೊಳ್ಳತಕ್ಕದ್ದು. ಎಲ್ಲವನ್ನೂ ನಾವೇ ಮಾಡಿಕೊಟ್ಟರೆ ಅದು ಪ್ರೀತಿಯಾಗಿ ಕಂಡರೂ ರೋಗಿಯ ಅಭ್ಯಾಸಕ್ಕೆ ಅಡ್ಡಿಯಾಗುತ್ತದೆ. ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುವುದು ಆರೋಗ್ಯವಂತರಿಗೆ ಅಲ್ಪ ಸಂಗತಿ. ಪಾರ್ಶ್ವವಾಯುವಿನಿಂದ ಎದ್ದವರಿಗೆ ಅದು ಸ್ವಾತಂತ್ರ್ಯವೇ ಸರಿ.