ಕರೆಯದೆ ಬರುವ ಕಾರ್ಬನೇಟ್

ಮೂರು ಬಾಯಿಯ ಗಾಜಿನ ಫ್ಲಾಸ್ಕು. ಒಂದು ಬಾಯಿಂದ ಇಳಿಬಿಟ್ಟ ನಳಿಗೆಯಲ್ಲಿ ನೈಟ್ರೋಜನ್ ಬುಳುಬುಳು ಗುಳ್ಳೆಯಾಗಿ ಏಳುತ್ತಿದೆ. ಇನ್ನೊಂದರಲ್ಲಿ ಪಿಎಚ್ ಅಳೆಯುವ ಕಡ್ಡಿ ದ್ರವದೊಳಗೆ ಮೂತಿ ಅದ್ದಿ ನಿಂತಿದೆ. ನಡುವಿನ ಬಾಯಿಗೆ ಬ್ಯುರೆಟ್. ಅದರಿಂದ ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂ ನೈಟ್ರೇಟುಗಳ ತಿಳಿದ್ರಾವಣ ತೊಟ್ಟು ತೊಟ್ಟಾಗಿ ಕೆಳಗಿನ ಕ್ಷಾರಕ್ಕೆ ಬೀಳುತ್ತಿದೆ. ತೊಟ್ಟು ಬಿದ್ದಲ್ಲೆಲ್ಲ ಒಂದು ಬಿಳಿ ಎಳೆ ಹುಟ್ಟಿ, ತಳದಲ್ಲಿ ಗಿರಗಿರನೆ ತಿರುಗುವ ಕಾಂತದ ಸುಳಿಗೆ ಸಿಕ್ಕಿ ಹರಿದುಹೋಗುತ್ತದೆ. ನೋಡನೋಡುತ್ತಲೇ ಫ್ಲಾಸ್ಕಿನ ಆಚೆ ಬದಿ ಕಾಣದಷ್ಟು ಬೆಳ್ಳಗಾಗುತ್ತದೆ. ಮಾಪಕದ ಅಂಕಿ 10ರ ಆಸುಪಾಸಿನಿಂದ ಕದಲಬಾರದು. ಇಳಿಯಿತೆಂದರೆ ಇನ್ನಷ್ಟು ಕ್ಷಾರ ಹನಿಸಬೇಕು. ಕೆಲಸಕ್ಕೆ ನಿಂತ ಸಂಶೋಧನಾ ವಿದ್ಯಾರ್ಥಿ ಒಂದು ಲೋಟ ಕಾಫಿಗೂ ಹೊರಹೋಗುವಂತಿಲ್ಲ.

ಕೆರೆಯಂಗಳದ ಜೇಡಿ ಆಗಲು ಬಂಡೆ ಸಾವಿರಾರು ವರ್ಷ ಶಿಥಿಲವಾಗಬೇಕು. ಪ್ರಯೋಗಾಲಯದ ಈ ಜೇಡಿ ಒಂದು ಮಧ್ಯಾಹ್ನದಲ್ಲಿ ತಯಾರು. ಬಿಸಿಯಲ್ಲಿ ಕೆಲವು ತಾಸು ಹದಗೊಳ್ಳಲು ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತೊಳೆದು, ಒಣಗಿಸಿ, ಅಗೇಟ್ ಒರಳಿನಲ್ಲಿ ಅರೆದರೆ ಬೆರಳಿಗೆ ನುಣ್ಣಗೆ ಅಂಟುವ ಬಿಳಿ ಪುಡಿ ಉಳಿಯುತ್ತದೆ. ಇಂಥ ಪದಾರ್ಥಗಳಿಗೆ ಪದರಿತ ಜೋಡಿ ಹೈಡ್ರಾಕ್ಸೈಡುಗಳು ಎಂದು ಹೆಸರು. ಲ್ಯಾಬುಗಳಲ್ಲಿ ಎಲ್ಲರೂ ಎಲ್‌ಡಿಎಚ್ ಎಂದೇ ಕರೆಯುತ್ತಾರೆ.

ಅಷ್ಟಕ್ಕೂ ಆ ನೈಟ್ರೋಜನ್ ಗುಳ್ಳೆ ಯಾಕೆ? ಗಾಳಿಯನ್ನು ಹೊರಗಿಡಲು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಹತ್ತು ಸಾವಿರಕ್ಕೆ ನಾಲ್ಕು ಭಾಗ. ಅಷ್ಟೇ ಸಾಕು. ಅದು ಕ್ಷಾರದಲ್ಲಿ ಕರಗಿ ಕಾರ್ಬನೇಟ್ ಆಗುತ್ತದೆ. ಆದದ್ದೇ ತಡ, ಇನ್ನೂ ಹುಟ್ಟುತ್ತಿರುವ ಪದರಗಳ ನಡುವೆ ನುಗ್ಗಿ ಕೂತುಬಿಡುತ್ತದೆ. ಈ ಭಯಕ್ಕೆ ನೀರನ್ನೂ ಮೊದಲೇ ಕುದಿಸಿ, ಕರಗಿದ ಗಾಳಿಯನ್ನು ಓಡಿಸಿರುತ್ತಾರೆ.

ಪದರಗಳ ಕಟ್ಟೋಣ ಹೀಗಿದೆ. ಒಂದೊಂದು ಪದರ ಸುಮಾರು 0.48 ನ್ಯಾನೋಮೀಟರ್ ದಪ್ಪ. ನಡುವೆ ಲೋಹದ ಅಯಾನುಗಳ ಸಾಲು, ಮೇಲೂ ಕೆಳಗೂ ಹೈಡ್ರಾಕ್ಸಿಲ್‌ಗಳು. ಎಲ್ಲ ಜಾಗದಲ್ಲೂ ಎರಡು ಧನ ಆವೇಶದ ಮೆಗ್ನೀಸಿಯಮ್ಮೇ ಇದ್ದಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಆದರೆ ಮೂರರಲ್ಲೊಂದೋ ನಾಲ್ಕರಲ್ಲೊಂದೋ ಜಾಗದಲ್ಲಿ ಮೂರು ಧನ ಆವೇಶದ ಅಲ್ಯೂಮಿನಿಯಂ ಬಂದು ಕೂತಿರುವುದರಿಂದ ಇಡೀ ಪದರಕ್ಕೆ ಹೆಚ್ಚುವರಿ ಧನ ಆವೇಶ. ಅದನ್ನು ಸರಿದೂಗಿಸಲು ಎರಡು ಪದರಗಳ ನಡುವಣ ಸಂದಿಯಲ್ಲಿ ನೀರಿನೊಂದಿಗೆ ಋಣ ಅಯಾನುಗಳು ಬಂದು ತಂಗುತ್ತವೆ. ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನ ಜೇಡಿಯಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿ ಪದರಗಳದ್ದೇ ಋಣ ಆವೇಶ, ಸಂದಿಯಲ್ಲಿರುವುದು ಕ್ಯಾಲ್ಸಿಯಂ, ಸೋಡಿಯಂನಂಥ ಧನ ಅಯಾನುಗಳು.

ಸಂದಿಯಲ್ಲಿ ತಂಗುವವರನ್ನು ರಸಾಯನಶಾಸ್ತ್ರಜ್ಞರು ಅತಿಥಿಗಳು ಎನ್ನುತ್ತಾರೆ. ಅತಿಥಿಗಳೆಲ್ಲ ಸಮಾನರಲ್ಲ. ಯಾವ ಅಯಾನಿಗೆ ಎಷ್ಟು ಬಿಗಿ ಹಿಡಿತ ಎಂದು 1983ರಲ್ಲಿ ಜಪಾನಿನ ಶಿಗೆಯೊ ಮಿಯಾತಾ ಪಟ್ಟಿ ಮಾಡಿದರು. ನೈಟ್ರೇಟ್ ಬಡಪಾಯಿ, ಯಾರು ಬಂದರೂ ಎದ್ದು ಜಾಗ ಬಿಡುತ್ತದೆ. ಕ್ಲೋರೈಡ್ ಅದಕ್ಕಿಂತ ಗಟ್ಟಿ, ಫ್ಲೋರೈಡ್ ಇನ್ನೂ ಗಟ್ಟಿ. ಕಾರ್ಬನೇಟ್ ಒಮ್ಮೆ ಕೂತರೆ ಎಬ್ಬಿಸುವುದೇ ಕಷ್ಟ. ಚಪ್ಪಟೆಯಾದ ಅದರ ಮೂರು ಮೂಲೆಗಳ ಆಕಾರ ಸಂದಿಗೆ ಹೇಳಿ ಮಾಡಿಸಿದಂತಿದೆ; ಮೇಲೆ ಎರಡು ಋಣ ಆವೇಶದ ಬಲ ಬೇರೆ.

ನಿಸರ್ಗದಲ್ಲಿ ಈ ಜೇಡಿ ಮೊದಲು ಕಂಡಿದ್ದೇ ಕಾರ್ಬನೇಟನ್ನು ಒಡಲಲ್ಲಿಟ್ಟುಕೊಂಡು. ನಾರ್ವೆಯ ಸ್ನಾರುಮ್‌ನಲ್ಲಿ ಹಸಿರು ಸರ್ಪೆಂಟೀನ್ ಶಿಲೆಯ ಜತೆ ಮುತ್ತಿನ ಹೊಳಪಿನ, ಮುಟ್ಟಿದರೆ ಜಿಡ್ಡು ಎನಿಸುವ ಬಿಳಿ ಖನಿಜವೊಂದು ಸಿಗುತ್ತದೆ. 1842ರಲ್ಲಿ ಹೋಖ್‌ಸ್ಟೆಟರ್ ಅದನ್ನು ಹೈಡ್ರೋಟಾಲ್ಸೈಟ್ ಎಂದು ವರ್ಣಿಸಿದ. ಅದರೊಳಗಿನ ಕಾರ್ಬನೇಟ್ ಕೊಳೆಯಲ್ಲ, ಅಂಗ ಎಂದು ಇಟಲಿಯ ಮನಾಸ್ಸೆ ಸರಿಯಾದ ಸೂತ್ರ ಬರೆದದ್ದು 1915ರಲ್ಲಿ. 1942ರಲ್ಲಿ ಸ್ವಿಟ್ಜರ್ಲೆಂಡಿನ ಫೈಟ್‌ಕ್ನೆಖ್ಟ್ ಇದೇ ಬಗೆಯ ಪದಾರ್ಥಗಳನ್ನು ಕೈಯಾರೆ ತಯಾರಿಸಿ, ಮೆಗ್ನೀಸಿಯಮ್ಮಿನದೊಂದು ಪದರ, ಅಲ್ಯೂಮಿನಿಯಮ್ಮಿನದೊಂದು ಪದರ ಎಂದು ಊಹಿಸಿದ. ಎರಡೂ ಲೋಹಗಳು ಒಂದೇ ಪದರದಲ್ಲಿವೆ ಎಂಬುದು ಖಚಿತವಾಗಲು 1960ರ ದಶಕದ ಕೊನೆಯ ಎಕ್ಸ್-ರೇ ಅಧ್ಯಯನಗಳು ಬೇಕಾದವು. ಬೆಂಗಳೂರಿಗೂ ಈ ವಂಶಾವಳಿಯಲ್ಲಿ ಜಾಗವಿದೆ. ಪದರಗಳು ಒಂದರ ಮೇಲೊಂದು ಕೂರುವಾಗ ಆಗುವ ಏರುಪೇರುಗಳನ್ನು ಸೆಂಟ್ರಲ್ ಕಾಲೇಜಿನಲ್ಲಿ ಪಿ. ವಿಷ್ಣು ಕಾಮತ್ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಬಿಡಿಸಿ ನೋಡಿದ್ದಾರೆ. ಪದರಗಳನ್ನು ಒಂದೊಂದಾಗಿ ಸುಲಿದು ದ್ರವದಲ್ಲಿ ತೇಲಿಸುವ ಕೆಲಸವನ್ನು ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಮೈಕೆಲ್ ರಾಜಮತಿ ಮಾಡಿದರು.

ಅತಿಥಿ ಒಳಗೆ ಬಂದನೋ ಇಲ್ಲವೋ ಎಂದು ತಿಳಿಯುವುದು ಎಕ್ಸ್-ರೇ ಯಂತ್ರದ ಮುಂದೆ. ಚಿಟಿಕೆ ಪುಡಿಯನ್ನು ಗಾಜಿನ ತಟ್ಟೆಗೆ ಒತ್ತಿ ಒಳಗಿಟ್ಟು, ಸೀಸದ ಗಾಜಿನ ಬಾಗಿಲು ಮುಚ್ಚಿದರೆ ಯಂತ್ರದ ತೋಳು ಕಾಣದಷ್ಟು ನಿಧಾನವಾಗಿ ವಾಲತೊಡಗುತ್ತದೆ. ಪರದೆಯ ಮೇಲೆ ಹುಲ್ಲಿನಂಥ ಗೀಚು, ಆಮೇಲೆ ಥಟ್ಟನೆ ಒಂದು ಶಿಖರ. ಪದರದಿಂದ ಪದರಕ್ಕೆ ದೂರ ಎಷ್ಟೆಂದು ಅದು ಹೇಳುತ್ತದೆ. ಒಳಗೆ ನೈಟ್ರೇಟ್ ಇದ್ದರೆ ಸುಮಾರು 0.88 ನ್ಯಾನೋಮೀಟರ್, ಕಾರ್ಬನೇಟ್ ಇದ್ದರೆ 0.77. ನೈಟ್ರೇಟ್ ಜೇಡಿಯನ್ನು ಐಬುಪ್ರೊಫೇನ್ ದ್ರಾವಣದಲ್ಲಿ ಕಲಕಿಟ್ಟು ಮತ್ತೆ ನೋಡಿದರೆ ಶಿಖರ ಎಡಕ್ಕೆ ಸರಿದಿರುತ್ತದೆ, ದೂರ 2.2ರ ಹತ್ತಿರ. ನೋವಿನ ಮಾತ್ರೆಯ ಉದ್ದುದ್ದ ಅಣುಗಳು ಒಳಹೊಕ್ಕು ನೆಟ್ಟಗೆ ನಿಂತು ಚಾವಣಿಯನ್ನೇ ಎತ್ತಿಬಿಟ್ಟಿವೆ. ಐಬುಪ್ರೊಫೇನ್ ಹೀಗೆ ಒಳಹೊಗುವುದನ್ನು 2001ರಲ್ಲಿ ಇಟಲಿಯ ಪೆರೂಜಾದ ಔಷಧ ವಿಜ್ಞಾನಿಗಳು ತೋರಿಸಿದರು. ಕರುಳಿನಂಥ ನಸುಕ್ಷಾರದ ದ್ರವದಲ್ಲಿ ಆ ಔಷಧ ಒಮ್ಮೆಲೇ ಸುರಿಯದೆ ನಿಧಾನಕ್ಕೆ ಹೊರಬಂತು. ನೋಡಬೇಕಾದ ಇನ್ನೊಂದು ದೃಶ್ಯವೆಂದರೆ ಕೆಟ್ಟ ದಿನದ್ದು: ಎಡಕ್ಕೆ ಸರಿಯಬೇಕಿದ್ದ ಶಿಖರ 0.77ರಲ್ಲಿ ಚೂಪಾಗಿ ನಿಂತಿರುತ್ತದೆ. ಎಲ್ಲೋ ಬಿರಡೆ ಸಡಿಲವಾಗಿತ್ತು. ವಾರದ ಕೆಲಸ ಬಚ್ಚಲಿಗೆ.

ಕಾರ್ಬನೇಟನ್ನು ಪೂರ್ತಿ ಹೊರದಬ್ಬಲು ನಂಬಿಕಸ್ಥ ದಾರಿಗಳು ಎರಡು: ಆಮ್ಲ, ಇಲ್ಲವೇ ಬೆಂಕಿ. ಔಷಧದ ಕಥೆ ಆಮ್ಲದ ದಾರಿ ಹಿಡಿದರೆ, ನೀರಿನ ಕಥೆ ಬೆಂಕಿಯದು.

ಆಮ್ಲಕ್ಕೆ ಬಿದ್ದ ಈ ಜೇಡಿ ಪದರ ಸಮೇತ ಕರಗುತ್ತದೆ, ಕರಗುತ್ತ ಆಮ್ಲವನ್ನೂ ತಿಂದುಹಾಕುತ್ತದೆ. ಜರ್ಮನಿಯಲ್ಲಿ ಎದೆಯುರಿಗೆ ಮಾರುವ ಬೇಯರ್ ಕಂಪನಿಯ ಟಾಲ್ಸಿಡ್ ಮಾತ್ರೆಯಲ್ಲಿರುವುದು ಇದೇ ಹೈಡ್ರೋಟಾಲ್ಸೈಟ್. ಅತಿಥಿಯಾಗಿ ಔಷಧವನ್ನು ತುಂಬಿ ನುಂಗಿಸುವವರಿಗೆ ಮಾತ್ರ ಇದೇ ಗುಣ ಪೀಡೆ. ಹೊಟ್ಟೆಯಲ್ಲೇ ಪದರ ಕರಗಿದರೆ ನಿಧಾನ ಬಿಡುಗಡೆ ಎಲ್ಲಿಂದ? ಆಮ್ಲಕ್ಕೆ ಬಗ್ಗದ ಪಾಲಿಮರ್ ಹೊದಿಕೆ ಹಾಕಬೇಕಾಗುತ್ತದೆ. ಜೀವಕೋಶದೊಳಗೆ ಕಥೆ ತಿರುವುಮುರುವು. 2000ದಲ್ಲಿ ಸೋಲ್‌ನ ಜಿನ್-ಹೊ ಚೊಯ್ ತಂಡ ಡಿಎನ್‌ಎ ತುಣುಕುಗಳನ್ನು ಪದರಗಳ ನಡುವೆ ಅಡಗಿಸಿ ರಕ್ತ ಕ್ಯಾನ್ಸರಿನ ಕೋಶಗಳಿಗೆ ಕೊಟ್ಟಿತು. ಡಿಎನ್‌ಎಯದು ಋಣ ಆವೇಶ, ಕೋಶದ ಪೊರೆಯದೂ ಅದೇ. ಬರಿಗೈಲಿ ಹೋದರೆ ಒಳಗೆ ಬಿಡುವವರಿಲ್ಲ. ಧನ ಆವೇಶದ ಜೇಡಿ ಕಣವನ್ನು ಕೋಶ ಸೆಳೆದು ನುಂಗುತ್ತದೆ. ನುಂಗಿದ ಗುಳ್ಳೆಯೊಳಗೆ ಮೆಲ್ಲನೆ ಹುಳಿಯೇರಿ, ಪದರ ಕರಗಿ, ಸರಕು ಬಿಡುಗಡೆಯಾಗುತ್ತದೆ. ಇದಕ್ಕೆ ಕಣ ಸಣ್ಣದಿರಬೇಕು, ಒಂದಕ್ಕೊಂದು ಅಂಟಿ ಮುದ್ದೆಯಾಗಬಾರದು. ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಝಿ ಪಿಂಗ್ ಶು, ಮ್ಯಾಕ್ಸ್ ಲೂ ಮುಂತಾದವರು 2006ರಲ್ಲಿ ಹಬೆಯ ಒತ್ತಡದಲ್ಲಿ ಕಾಯಿಸಿ ಸುಮಾರು ನೂರು ನ್ಯಾನೋಮೀಟರಿನ ಕಣಗಳು ನೀರಿನಲ್ಲಿ ತೇಲಿಯೇ ನಿಲ್ಲುವ ಹಾಗೆ ಮಾಡಿದರು. ಜೇಡಿ ಎಂದಮಾತ್ರಕ್ಕೆ ನಿರಪಾಯಕಾರಿ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕರಗಿದ ಮೇಲೆ ಉಳಿಯುವ ಅಲ್ಯೂಮಿನಿಯಂ ಮೂತ್ರಪಿಂಡ ಸೋತವರಿಗೆ ಒಳ್ಳೆಯದಲ್ಲ.

ಇನ್ನು ಬೆಂಕಿ. ಕುಲುಮೆಯಲ್ಲಿ 450ರಿಂದ 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ನೀರು, ಕಾರ್ಬನೇಟ್ ಎಲ್ಲ ಆವಿಯಾಗಿ ಹೋಗಿ ಪದರಗಳೇ ಕುಸಿಯುತ್ತವೆ. ಆ ಬೂದಿಯಂಥ ಆಕ್ಸೈಡನ್ನು ನೀರಿಗೆ ಹಾಕಿದರೆ ಅದು ತನ್ನ ಹಳೆಯ ಆಕಾರವನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಳ್ಳುವಾಗ ಖಾಲಿ ಸಂದಿಗೆ ನೀರಿನಲ್ಲಿ ಕೈಗೆ ಸಿಕ್ಕ ಋಣ ಅಯಾನುಗಳನ್ನು ಎಳೆದುಕೊಳ್ಳುತ್ತದೆ. ಫ್ಲೋರೈಡ್, ಆರ್ಸೆನೇಟ್, ಕ್ರೋಮೇಟ್ ಯಾವುದಾದರೂ ಸರಿ. ಪಾವಗಡದ ಕಡೆಯ ಗ್ರಾನೈಟ್ ನೆಲದ ಕೊಳವೆಬಾವಿಗಳು, ಹಲ್ಲಿನ ಮೇಲೆ ಕಂದು ಪಟ್ಟೆ ಬಿದ್ದ ಮಕ್ಕಳು, ಗೆಣ್ಣು ಸೆಟೆದು ಬಾಗಿ ನಡೆಯುವ ಹಿರಿಯರು ನೆನಪಾಗದೆ ಇರಲು ಸಾಧ್ಯವೇ? ಕುಡಿಯುವ ನೀರಿನಲ್ಲಿ ಫ್ಲೋರೈಡಿಗೆ ಭಾರತೀಯ ಮಾನಕ ಹಾಕಿದ ಗೆರೆ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯಿಲ್ಲದ ಕಡೆ 1.5. ಬಟ್ಟಿ ಇಳಿಸಿದ ನೀರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ ನಡೆಸಿದ ಪರೀಕ್ಷೆಗಳಲ್ಲಿ ಕಾಯಿಸಿದ ಜೇಡಿ ಅದ್ಭುತವಾಗಿ ದುಡಿಯುತ್ತದೆ. ಇಂಥ ಪರೀಕ್ಷೆಗಳ ನಕ್ಷೆಗಳನ್ನು ಕಂಡಾಗ ನಾನು ಮೊದಲು ಹುಡುಕುವುದು ಯಾವ ನೀರು ಎಂಬುದನ್ನು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡಿನ ಜತೆ ಲೀಟರಿಗೆ ನೂರಾರು ಮಿಲಿಗ್ರಾಂ ಬೈಕಾರ್ಬನೇಟ್ ಇರುತ್ತದೆ. ಬೆಂಕಿ ಹಾಕಿ ಓಡಿಸಿದವನು ನೀರಿನ ದಾರಿಯಲ್ಲಿ ವಾಪಸು. ಫ್ಲೋರೈಡಿಗೆ ಸಿಗಬೇಕಾದ ಜಾಗದಲ್ಲಿ ಮತ್ತೆ ಅವನೇ. ಸಾಲದ್ದಕ್ಕೆ ಪದರ ಕಟ್ಟಿಕೊಳ್ಳುವಾಗ ಹೈಡ್ರಾಕ್ಸೈಡ್ ಬಿಡುಗಡೆಯಾಗಿ ನೀರು ಕುಡಿಯಲಾಗದಷ್ಟು ಕ್ಷಾರವಾಗುತ್ತದೆ, ನುಣ್ಣನೆ ಪುಡಿ ಸೋಸಲೂ ಬಾರದು. ಹಳ್ಳಿಯ ಕೊಡಕ್ಕೆ ಇದು ಇನ್ನೂ ಇಳಿಯದಿರಲು ಕಾರಣ ಹುಡುಕಿ ಬಹಳ ದೂರ ಹೋಗಬೇಕಿಲ್ಲ.

ಕಾರ್ಬನೇಟ್ ಬಂದರೂ ನಷ್ಟವಿಲ್ಲದ ಜಾಗವೆಂದರೆ ಗಣಿಯ ಹೊಂಡ. ಗಣಿಯ ಹುಳಿನೀರಿನಲ್ಲಿ ಮೆಗ್ನೀಸಿಯಂ, ಅಲ್ಯೂಮಿನಿಯಂ ಎಷ್ಟೋ ಸಲ ಮೊದಲೇ ಇರುತ್ತವೆ. ಪ್ರಮಾಣ ಸರಿಪಡಿಸಿ ಕ್ಷಾರ ಸೇರಿಸಿದರೆ ಹೊಂಡವೇ ಫ್ಲಾಸ್ಕು. ಜೇಡಿ ಅಲ್ಲೇ ಹುಟ್ಟುತ್ತದೆ. ತಾಮ್ರ, ಸತುವಿನಂಥ ಲೋಹಗಳು ಸಂದಿಗೆ ಹೋಗದೆ ಪದರದ ಮೈಯೊಳಗೇ ಸೇರಿಹೋಗುತ್ತವೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಗ್ರ್ಯಾಂಟ್ ಡಗ್ಲಸ್ ರೂಪಿಸಿದ ಈ ವಿಧಾನದಿಂದ ಕ್ವೀನ್ಸ್‌ಲ್ಯಾಂಡಿನ ಗಣಿಯೊಂದರಲ್ಲಿ ಸುಮಾರು ಇಪ್ಪತ್ತು ಒಲಿಂಪಿಕ್ ಈಜುಕೊಳಗಳಷ್ಟು ನೀರನ್ನು ಶುದ್ಧಗೊಳಿಸಿ ಹೊರಬಿಟ್ಟರು ಎಂದು 2013ರಲ್ಲಿ ಸಂಸ್ಥೆ ಪ್ರಕಟಿಸಿತು. ಸುಣ್ಣ ಹಾಕಿದಾಗ ಆಗುವುದಕ್ಕಿಂತ ಕೆಸರೂ ಬಹಳ ಕಡಿಮೆ.

ಕಾರ್ಬನ್ ಡೈಆಕ್ಸೈಡಿನ ಕಾಟವನ್ನೇ ಕೆಲಸಕ್ಕೆ ಹಚ್ಚಿದ್ದು ಬ್ರಿಸ್ಬೇನಿನಲ್ಲೇ, ಗಿಡಗಳ ಮನೆಯಲ್ಲಿ. ಭಾರತ ಮೂಲದ ನೀನಾ ಮಿತ್ತರ್, ಶು ಅವರೊಡನೆ ಸೇರಿ, ಸಸ್ಯ ವೈರಸ್ಸನ್ನು ಅಡಗಿಸುವ ಜೋಡಿಯೆಳೆ ಆರ್‌ಎನ್‌ಎಯನ್ನು ಈ ಜೇಡಿಗೆ ಅಂಟಿಸಿ ತಂಬಾಕಿನ ಎಲೆಗಳ ಮೇಲೆ ಸಿಂಪಡಿಸಿದರು. ಬರೀ ಆರ್‌ಎನ್‌ಎ ಎಲೆಯ ಮೇಲೆ ಕೆಲವೇ ದಿನಕ್ಕೆ ಮುಗಿಯುತ್ತದೆ. ಜೇಡಿಗೆ ಅಂಟಿದ್ದು ನೀರೆರೆದರೂ ತೊಳೆದುಹೋಗಲಿಲ್ಲ. ಎಲೆಯ ಮೇಲಿನ ತೇವದಲ್ಲಿ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ದುರ್ಬಲ ಆಮ್ಲವಾಗಿ, ಪದರಗಳನ್ನು ದಿನಕ್ಕಿಷ್ಟು ಎಂಬಂತೆ ಸವೆಸುತ್ತ ಆರ್‌ಎನ್‌ಎಯನ್ನು ಎಲೆಗೆ ಬಿಟ್ಟುಕೊಟ್ಟಿತು. ಒಂದೇ ಸಿಂಪಡಣೆಗೆ ಕನಿಷ್ಠ 20 ದಿನ ರಕ್ಷಣೆ, ಸಿಂಪಡಿಸಿದ ಮೇಲೆ ಚಿಗುರಿದ ಎಲೆಗಳಿಗೂ. 30 ದಿನದ ನಂತರವೂ ಆರ್‌ಎನ್‌ಎಯ ಗುರುತು ಸಿಕ್ಕಿತು. ಇದು 2017ರ ವರದಿ. 2022ರಲ್ಲಿ ಅದೇ ಬಳಗ ಬಿಳಿನೊಣದ ಮೇಲೆ ಈ ಜೇಡಿಯನ್ನು ಹೂಡಿತು. ಬಿಳಿನೊಣ ಎಲೆಯನ್ನು ಕಡಿಯುವುದಿಲ್ಲ, ಒಳಗಿನ ರಸ ಹೀರುತ್ತದೆ. ಆದ್ದರಿಂದ ಆರ್‌ಎನ್‌ಎ ರಸನಾಳದವರೆಗೆ ಇಳಿಯಬೇಕು, ಜೇಡಿ ಅದಕ್ಕೆ ಒತ್ತಾಸೆಯಾಯಿತು. ಕೋಲಾರದ ಟೊಮೆಟೊ ಬೆಳೆಗಾರರಿಗೆ ಈ ನೊಣದ ಪರಿಚಯ ಮಾಡಿಕೊಡಬೇಕಾಗಿಲ್ಲ. ಎಲೆ ಮುರುಟು ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತು ತಿರುಗುವುದು ಅದೇ.