ಅವಳಿ ಮಕ್ಕಳ ಸಹಜ ಹೆರಿಗೆ: ಗಡಿನಾಡಿನ ತಾಯಂದಿರು ಅರಿತಿರಬೇಕಾದ ಸಂಗತಿಗಳು

ಸ್ಕ್ಯಾನಿಂಗಿನಲ್ಲಿ ಅವಳಿ ಎಂದು ತಿಳಿದ ದಿನವೇ ಎಷ್ಟೋ ಮನೆಗಳಲ್ಲಿ ಇನ್ನೊಂದು ತೀರ್ಮಾನವೂ ಆಗಿಹೋಗುತ್ತದೆ: ಇನ್ನು ಆಪರೇಷನ್ನೇ ಗತಿ. ವೇದಾವತಿಯ ಭೈರವಾನಿತಿಪ್ಪ ಅಣೆಕಟ್ಟಿನ ಸುತ್ತಲ ಗುಮ್ಮಘಟ್ಟದ ಹಳ್ಳಿಗಳಿಂದ ಮಡಕಶಿರಾದವರೆಗೆ ಈ ಮಾತು ಸಾಮಾನ್ಯ. ಆದರೆ ವೈದ್ಯಶಾಸ್ತ್ರದ ಅಭಿಪ್ರಾಯ ಹಾಗಿಲ್ಲ. ಗರ್ಭದ್ವಾರಕ್ಕೆ ಸಮೀಪವಿರುವ ಮೊದಲ ಮಗುವಿನ ತಲೆ ಕೆಳಗಿದ್ದು, ಉಳಿದ ಲಕ್ಷಣಗಳೂ ಅನುಕೂಲವಾಗಿದ್ದರೆ ಅವಳಿಗಳಿಬ್ಬರೂ ಸಹಜವಾಗಿಯೇ ಜನಿಸಬಹುದು. ಅದು ಯಾರಿಗೆ ಸಾಧ್ಯ, ಯಾರಿಗೆ ಸಲ್ಲದು, ತಾಯಿಯ ಅನುಭವಕ್ಕೆ ಅದು ಹೇಗೆ ಬರುತ್ತದೆ, ಮನೆಮಾತಿಗಿಂತ ಭಿನ್ನವಾದ ಭಾಷೆಯ ಆಸ್ಪತ್ರೆಯಲ್ಲಿ ಅವಳು ಯಾವುದಕ್ಕೆ ಸಿದ್ಧಳಾಗಿರಬೇಕು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಸೂಲಗಿತ್ತಿಯ ಕೈಯಿಂದ ಸ್ಕ್ಯಾನಿಂಗಿನವರೆಗೆ

ಮಡಕಶಿರಾಕ್ಕೆ ನೆರೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನಮ್ಮ ಭಾಗದವರು ಮರೆತಿಲ್ಲ. ಅಜ್ಜಿಯಿಂದ ವಿದ್ಯೆ ಕಲಿತು, ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆ, ನೆಲೆ ಹೇಗಿದೆ ಎಂದು ಹೇಳುವ ಅನುಭವ ಅವರಂಥವರದು.

ಆ ಕಾಲದಲ್ಲಿ ಅನೇಕ ತಾಯಂದಿರಿಗೆ ಅವಳಿಯ ಸುದ್ದಿ ತಿಳಿಯುತ್ತಿದ್ದುದೇ ಮೊದಲ ಮಗು ಹುಟ್ಟಿದ ಮೇಲೆ. ಹೊಟ್ಟೆ ಇಳಿಯದೆ ಇನ್ನೂ ಗಟ್ಟಿಯಾಗಿದ್ದರೆ ಒಳಗೆ ಮತ್ತೊಂದು ಕೂಸಿದೆ ಎಂದು ಊಹಿಸಬೇಕಿತ್ತು. ಎರಡನೆಯ ಮಗು ಅಡ್ಡವಾಗಿದ್ದರೆ ಅಥವಾ ರಕ್ತಸ್ರಾವ ನಿಲ್ಲದಿದ್ದರೆ ನುರಿತ ಕೈಯೂ ಸೋಲುತ್ತಿತ್ತು. ಸ್ಕ್ಯಾನಿಂಗ್ ಈ ಕತ್ತಲೆಯನ್ನು ನೀಗಿಸಿದೆ. ಗರ್ಭದ 11ರಿಂದ 14ನೆಯ ವಾರದೊಳಗಿನ ಪರೀಕ್ಷೆಯಲ್ಲಿ ಮಕ್ಕಳ ಸಂಖ್ಯೆಯೊಂದಿಗೆ, ಅವರಿಗೆ ಮಾಸು ಒಂದೇ ಇದೆಯೇ ಎರಡಿವೆಯೇ, ನೀರಿನ ಚೀಲ ಒಂದೇ ಇದೆಯೇ ಬೇರೆ ಬೇರೆಯೇ ಎಂಬುದೂ ತಿಳಿಯುತ್ತದೆ. ಹೆರಿಗೆಯ ದಾರಿಯನ್ನು ನಿರ್ಧರಿಸುವಲ್ಲಿ ಈ ವಿವರಗಳು ಬಹಳ ಮುಖ್ಯ.

ಯಾರಿಗೆ ಸಾಧ್ಯ, ಯಾರಿಗೆ ಸಲ್ಲದು

ಒಂದೇ ನೀರಚೀಲದಲ್ಲಿ ಇಬ್ಬರೂ ಇದ್ದರೆ ಹೊಕ್ಕುಳಬಳ್ಳಿಗಳು ಹೆಣೆದುಕೊಳ್ಳುವ ಅಪಾಯವಿರುವುದರಿಂದ ಸಾಮಾನ್ಯವಾಗಿ ಸಿಸೇರಿಯನ್ನನ್ನೇ ಆರಿಸಿಕೊಳ್ಳುತ್ತಾರೆ. ಇಂತಹ ಅವಳಿಗಳು ವಿರಳ. ಮೊದಲ ಮಗು ಅಡ್ಡವಾಗಿದ್ದರೆ ಅಥವಾ ಕಾಲು ಕೆಳಗಾಗಿದ್ದರೆ ಆಗಲೂ ಸಿಸೇರಿಯನ್ನನ್ನೇ ಸೂಚಿಸುತ್ತಾರೆ. ಮಾಸು ಗರ್ಭದ್ವಾರವನ್ನು ಮುಚ್ಚಿದ್ದರೂ ಹಾಗೆಯೇ. ಈ ತೊಡಕುಗಳಿಲ್ಲದೆ, ಮೊದಲನೆಯದರ ತಲೆ ಕೆಳಗಿದ್ದು, ಇಬ್ಬರ ಬೆಳವಣಿಗೆಯೂ ಸಮಾಧಾನಕರವಾಗಿದ್ದರೆ ಸಹಜ ಹೆರಿಗೆಯನ್ನು ಯೋಚಿಸಬಹುದು. ಹೀಗೆ ಮೊದಲ ಮಗುವಿನ ತಲೆ ಕೆಳಗಿರುವುದು ಹತ್ತರಲ್ಲಿ ಸುಮಾರು ಎಂಟು ಅವಳಿ ಬಸಿರುಗಳಲ್ಲಿ.

ಈ ವಿಷಯದಲ್ಲಿ ದೊಡ್ಡ ಅಧ್ಯಯನಗಳು ನಡೆದಿವೆ. ಕೆನಡಾದ ವೈದ್ಯರ ನೇತೃತ್ವದಲ್ಲಿ 25 ದೇಶಗಳ ಸುಮಾರು 2,800 ತಾಯಂದಿರನ್ನು ಒಳಗೊಂಡ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮಕ್ಕಳಿಗೆ ಗಂಭೀರ ತೊಂದರೆ ಅಥವಾ ಸಾವು ಉಂಟಾದ ಪ್ರಮಾಣ ಮೊದಲೇ ಸಿಸೇರಿಯನ್ ಎಂದು ನಿಗದಿಪಡಿಸಿದವರಲ್ಲಿ ಶೇ. 2.2 ಇದ್ದರೆ, ಸಹಜ ಹೆರಿಗೆಗೆ ಯೋಜಿಸಿದವರಲ್ಲಿ ಶೇ. 1.9 ಇತ್ತು. ಅಂದರೆ ಗಣನೀಯ ವ್ಯತ್ಯಾಸವಿರಲಿಲ್ಲ. ಸಹಜ ಹೆರಿಗೆಗೆ ಯೋಜಿಸಿದವರಲ್ಲೂ ನೂರಕ್ಕೆ 44 ಮಂದಿಗೆ ಕೊನೆಗೆ ಸಿಸೇರಿಯನ್ ಆಗಬೇಕಾಯಿತು. 2017ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ಸಹಜ ಹೆರಿಗೆಗೆ ಯೋಜಿಸಿದ ನೂರರಲ್ಲಿ 80 ತಾಯಂದಿರು ಇಬ್ಬರನ್ನೂ ಸಹಜವಾಗಿಯೇ ಹೆತ್ತರು. ಎರಡನೆಯ ಮಗುವನ್ನು ಹೊರತರುವಲ್ಲಿ ಪಳಗಿದ ವೈದ್ಯರು ಅಲ್ಲಿ ಹೆಚ್ಚು. ಆಸ್ಪತ್ರೆಯ ಆಯ್ಕೆ ಏಕೆ ಮುಖ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದಲ್ಲಿ ಒಟ್ಟು ಹೆರಿಗೆಗಳ ಶೇ. 21.5ರಷ್ಟು ಸಿಸೇರಿಯನ್. ಕರ್ನಾಟಕದಲ್ಲಿ ಇದು ಶೇ. 31.5, ಆಂಧ್ರಪ್ರದೇಶದಲ್ಲಿ ಶೇ. 42.4. ಒಂದೇ ಮಗುವಿಗೂ ಕತ್ತರಿ ಇಷ್ಟು ಸುಲಭವಾಗಿ ಬರುವ ನಾಡಿನಲ್ಲಿ ಅವಳಿಯ ತಾಯಿ ‘ಸಹಜ ಹೆರಿಗೆ ಆಗಬಹುದೇ?’ ಎಂದು ತಾನಾಗಿ ಕೇಳದಿದ್ದರೆ ಆ ಪ್ರಶ್ನೆ ಮೇಲೆ ಬರುವುದೇ ಕಷ್ಟ. ಇದಕ್ಕೆ ವಿರುದ್ಧವಾದ ಭಯವೂ ನಮ್ಮಲ್ಲಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದವರಲ್ಲಿ ಐವರು ಬಾಣಂತಿಯರು ತೀರಿಕೊಂಡ ಸುದ್ದಿ ಗಡಿಯ ಈಚೆಗೂ ಆತಂಕ ಹುಟ್ಟಿಸಿತು. ಆ ಪ್ರಕರಣದಲ್ಲಿ ಸಂಶಯ ಮೂಡಿದ್ದು ರಕ್ತನಾಳಕ್ಕೆ ಏರಿಸಿದ ದ್ರಾವಣದ ಮೇಲೆ. ಅಗತ್ಯ ಬಿದ್ದಾಗ ಸಿಸೇರಿಯನ್ ಜೀವ ಉಳಿಸುತ್ತದೆ. ಭಯದಿಂದ ಅದನ್ನು ತಡಮಾಡುವುದು ಅಪಾಯ.

ಹೆರಿಗೆ ಕೋಣೆಯಲ್ಲಿ ತಾಯಿ ಕಾಣುವುದು

ಅವಳಿ ಹೆತ್ತ ತಾಯಂದಿರು ಮೊದಲು ನೆನೆಯುವುದು ಕೋಣೆಯ ತುಂಬ ಇದ್ದ ಜನರನ್ನು. ಪ್ರಸೂತಿ ವೈದ್ಯರು, ಅರಿವಳಿಕೆ ವೈದ್ಯರು, ಮಕ್ಕಳ ವೈದ್ಯರು, ದಾದಿಯರು ಹೀಗೆ ಹಲವರು ಸೇರಿರುತ್ತಾರೆ. ಇದನ್ನು ಮೊದಲೇ ತಿಳಿಸದಿದ್ದರೆ ಏನೋ ಅನಾಹುತವಾಗಿದೆ ಎಂದು ತಾಯಿ ಹೆದರುತ್ತಾಳೆ. ಕೈಗೆ ಗ್ಲೂಕೋಸ್ ಸೂಜಿ ಚುಚ್ಚಿರುತ್ತಾರೆ, ಎರಡು ಹೃದಯಬಡಿತಗಳನ್ನು ಬೇರೆ ಬೇರೆಯಾಗಿ ಗಮನಿಸುತ್ತಿರುತ್ತಾರೆ.

ಮೊದಲ ಮಗುವಿನ ಜನನ ಬಹುಮಟ್ಟಿಗೆ ಒಂಟಿ ಮಗುವಿನ ಹೆರಿಗೆಯಂತೆಯೇ. ನಿಜವಾದ ಭಿನ್ನತೆ ಅದರ ನಂತರದ ನಿಮಿಷಗಳಲ್ಲಿದೆ. ಕೂಸಿನ ಅಳು ಕೇಳಿದೊಡನೆ ಮನಸ್ಸು ‘ಮುಗಿಯಿತು’ ಎನ್ನುತ್ತದೆ, ಆದರೆ ದೇಹ ಇನ್ನೊಮ್ಮೆ ಆರಂಭಿಸಬೇಕು. ನೋವು ಕೆಲವು ನಿಮಿಷ ನಿಂತೇಹೋಗಬಹುದು. ಮೊದಲ ಮಗುವನ್ನು ಎದೆಗೆ ಕೊಡುವ ಮುನ್ನವೇ ಬೆಚ್ಚಗಿಡಲು ಒಯ್ಯಬಹುದು. ಒಬ್ಬರು ಹೊಟ್ಟೆಯನ್ನು ಹೊರಗಿನಿಂದ ಹಿಡಿದು ಎರಡನೆಯ ಮಗು ಅಡ್ಡ ತಿರುಗದಂತೆ ನೋಡಿಕೊಳ್ಳುತ್ತಾರೆ. ಅದರ ತಲೆ ಕೆಳಗಿದ್ದರೆ ಸಾಮಾನ್ಯವಾಗಿ ಕಡಿಮೆ ಶ್ರಮದಲ್ಲಿ ಬರುತ್ತದೆ, ಏಕೆಂದರೆ ದಾರಿ ಆಗಲೇ ತೆರೆದಿರುತ್ತದೆ. ಅಡ್ಡವಿದ್ದರೆ ವೈದ್ಯರು ಒಳಗೆ ಕೈಹಾಕಿ ಕಾಲು ಹಿಡಿದು ಹೊರತರಬೇಕಾಗಬಹುದು. ತಾಯಂದಿರು ಅತ್ಯಂತ ಕಠಿಣವೆಂದು ಹೇಳುವ ಕ್ಷಣ ಇದು, ಆದರೆ ಅಲ್ಪಕಾಲದ್ದು. ಇಬ್ಬರ ನಡುವಿನ ಅಂತರ ಬಹಳ ಸಲ ಅರ್ಧ ಗಂಟೆಯೊಳಗೆ ಇರುತ್ತದೆ. ನೂರರಲ್ಲಿ ಕೆಲವರಿಗೆ ಮೊದಲ ಮಗು ಸಹಜವಾಗಿ ಹುಟ್ಟಿ, ಎರಡನೆಯದಕ್ಕೆ ಸಿಸೇರಿಯನ್ ಆಗುತ್ತದೆ. ಎರಡು ಬಗೆಯ ನೋವನ್ನೂ ಉಣ್ಣಬೇಕಾದ ಆ ತಾಯಂದಿರು ಈ ಸಾಧ್ಯತೆಯನ್ನು ಮೊದಲೇ ಅರಿತಿರಬೇಕು.

ಮಾಸು ಬಿದ್ದ ಮೇಲೆ ಕಾಳಜಿ ರಕ್ತಸ್ರಾವದ್ದು. ಇಬ್ಬರನ್ನು ಹೊತ್ತು ಅತಿಯಾಗಿ ಹಿಗ್ಗಿದ ಗರ್ಭಕೋಶ ಬೇಗ ಕುಗ್ಗದೆ ರಕ್ತ ಹೆಚ್ಚು ಹೋಗಬಹುದು. ಹೊಟ್ಟೆಯನ್ನು ಗಟ್ಟಿಯಾಗಿ ಉಜ್ಜುವುದು ಇದನ್ನು ತಡೆಯಲೆಂದೇ. ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನತೆಯುಳ್ಳವರೆಂದು ಅದೇ ಸಮೀಕ್ಷೆ ಹೇಳುತ್ತದೆ. ಆದ್ದರಿಂದ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪಿಸದೆ ನುಂಗುವುದು ಅವಳಿಯ ತಾಯಿಗೆ ಇನ್ನಷ್ಟು ಅಗತ್ಯ.

ಮಾತು ತಿಳಿದಿರಬೇಕು

ಮೇಲೆ ಹೇಳಿದ ನಿಮಿಷಗಳಲ್ಲಿ ‘ಈಗ ತಿಣುಕು’, ‘ಈಗ ಬೇಡ, ಉಸಿರು ಬಿಡು’ ಎಂಬ ಸೂಚನೆಗಳು ಒಂದರ ಹಿಂದೊಂದು ಬರುತ್ತವೆ. ಅರ್ಥವಾಗದಿದ್ದರೆ ತಾಯಿ ಗಾಬರಿಯಾಗುತ್ತಾಳೆ, ವೈದ್ಯರ ಕೆಲಸವೂ ಕಷ್ಟವಾಗುತ್ತದೆ. ನಮ್ಮವರಲ್ಲಿ ಸಂತೆಯ ತೆಲುಗು ಬಲ್ಲವರು ಬಹಳ, ಆದರೆ ಹೆರಿಗೆಯ ತೆಲುಗು ಬೇರೆ. ಅಲ್ಲಿ ಅವಳಿಗೆ ‘ಕವಲಲು’ ಎನ್ನುತ್ತಾರೆ, ಹೆರಿಗೆಗೆ ‘ಕಾನ್ಪು’, ನೋವಿಗೆ ‘ನೊಪ್ಪುಲು’, ಗರ್ಭದ ನೀರಿಗೆ ‘ಉಮ್ಮನೀರು’, ಮಾಸಿಗೆ ‘ಮಾಯ’, ಕಾಲು ಮುಂದಾಗಿ ಬರುವ ಮಗುವಿಗೆ ‘ಎದುರುಕಾಳ್ಳು’. ಈ ಆರು ಪದಗಳನ್ನು ಏಳನೆಯ ತಿಂಗಳಲ್ಲೇ ಮನೆಯವರೆಲ್ಲ ಕಲಿತಿರುವುದು ಒಳಿತು.

ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ತಾಯಿಯೊಡನೆ ಒಬ್ಬ ಹೆಂಗಸು ಇರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಅವಕಾಶ ಕಲ್ಪಿಸಿದೆ. ಎರಡೂ ಭಾಷೆ ಬಲ್ಲ, ಸ್ವತಃ ಹೆತ್ತ ಅನುಭವವಿರುವ ಅತ್ತಿಗೆಯೋ ಚಿಕ್ಕಮ್ಮನೋ ಜೊತೆಗಿರಲು ಮುಂಚಿತವಾಗಿ ಅನುಮತಿ ಕೇಳಬೇಕು.

ಮೊದಲೇ ಮಾಡಬೇಕಾದ ಸಿದ್ಧತೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಮೈಸೂರಿಗೆ ಸೇರಿತು, ಅದೇ ಜಿಲ್ಲೆಯ ರಾಯದುರ್ಗ ಆಂಧ್ರದಲ್ಲಿ ಉಳಿಯಿತು. ರಾಯದುರ್ಗದಿಂದ ಬಳ್ಳಾರಿ ಸುಮಾರು 50 ಕಿ.ಮೀ., ಅನಂತಪುರ ಹೆಚ್ಚುಕಡಿಮೆ ಅದರ ಇಮ್ಮಡಿ. ಯಾವ ಕಡೆಗೆ ಹೋಗಬೇಕೆಂಬ ಚರ್ಚೆ ನೋವು ಬಂದ ರಾತ್ರಿ ನಡೆಯಬಾರದು. ಅವಳಿಗಳು ಅವಧಿಗೆ ಮುನ್ನವೇ ಬರುವುದು ಹೆಚ್ಚು. ತೊಡಕಿಲ್ಲದಿದ್ದರೂ ಮಾಸು ಎರಡಿದ್ದರೆ ಸಾಮಾನ್ಯವಾಗಿ 37ನೆಯ ವಾರದ ಹೊತ್ತಿಗೆ, ಒಂದೇ ಇದ್ದರೆ 36ನೆಯ ವಾರದ ಹೊತ್ತಿಗೆ ಹೆರಿಗೆ ಮಾಡಿಸುತ್ತಾರೆ. ಹಾಗಾಗಿ 32ನೆಯ ವಾರಕ್ಕೆಲ್ಲ ಆಸ್ಪತ್ರೆ ನಿಶ್ಚಯವಾಗಿರಲಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಆ ದಿನ ಕೇಳಬೇಕಾದ ಪ್ರಶ್ನೆಗಳು ಇವು: ಮಾಸು ಒಂದೋ ಎರಡೋ? ಮೊದಲ ಮಗುವಿನ ತಲೆ ಕೆಳಗಿದೆಯೇ? ಹೆರಿಗೆ ಆಗುವ ಕಡೆ ರಾತ್ರಿಯೂ ಸಿಸೇರಿಯನ್ ಮಾಡಬಲ್ಲರೇ, ಅರಿವಳಿಕೆ ವೈದ್ಯರಿರುತ್ತಾರೆಯೇ? ರಕ್ತ ಸಿಗುತ್ತದೆಯೇ? ಹುಟ್ಟಿದ ಮಕ್ಕಳಿಗೆ ವಿಶೇಷ ಆರೈಕೆಯ ಘಟಕವಿದೆಯೇ? ಎರಡನೆಯ ಮಗು ಅಡ್ಡವಾದರೆ ಏನು ಮಾಡುತ್ತೀರಿ? ಈ ಸೌಲಭ್ಯಗಳಿಲ್ಲದ ಕಡೆ, ಮನೆಯಲ್ಲಂತೂ, ಅವಳಿ ಹೆರಿಗೆಗೆ ಕೈಹಾಕುವುದು ಸಲ್ಲದು.

ಉತ್ತರಗಳನ್ನು ತಾಯಿ ಕಾರ್ಡಿನ ಹಿಂಬದಿಯಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಬರೆಸಿಟ್ಟುಕೊಳ್ಳಿ. ನೋವು ಆರಂಭವಾಗಿ 108ಕ್ಕೆ ಕರೆ ಮಾಡಿದಾಗ, ಬಂದವರು ಯಾವ ಭಾಷೆಯವರಾದರೂ ಓದಿ ತಿಳಿಯಬಲ್ಲರು.